ಐದು ಡಾಲರಿನ ಷೇರು: ಮಾರ್ಕಸ್ ಗಾರ್ವೇ ಕುರಿತ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಅಮೆರಿಕದ ಅಧ್ಯಕ್ಷರಾಗಿದ್ದ ಜೋ ಬೈಡನ್ ಅಧಿಕಾರ ಬಿಡುವ ಹಿಂದಿನ ದಿನ, ಅಂದರೆ 2025ರ ಜನವರಿ 19ರಂದು, ಜಮೈಕಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಕಪ್ಪು ಜನರ ಚಳವಳಿ ಕಟ್ಟಿದ ಮಾರ್ಕಸ್ ಗಾರ್ವೇ ಅವರಿಗೆ ಮರಣೋತ್ತರ ಕ್ಷಮಾದಾನ ನೀಡಿದರು. ನಮ್ಮ ಪತ್ರಿಕೆಯ ಟಿಪ್ಪಣಿಯೊಂದು ಅದನ್ನು ಸ್ವಾಗತಿಸಿತ್ತು. ಆ ಟಿಪ್ಪಣಿಯನ್ನು ಓದಿ ನೀವು ಬರೆದ ಪತ್ರದಲ್ಲಿ ಮೂರು ಆಕ್ಷೇಪಗಳಿವೆ. ಹಡಗು ಕಂಪನಿಯ ಹೆಸರಿನಲ್ಲಿ ಬಡವರ ಹಣ ಎತ್ತಿ ಜೈಲಿಗೆ ಹೋದವನನ್ನು ನಾಯಕನೆಂದು ಕರೆಯುವುದು ಹೇಗೆ? ಕಪ್ಪು ಜನರನ್ನು ಮರಕ್ಕೆ ನೇತುಹಾಕುತ್ತಿದ್ದ ಬಿಳಿಯರ ಸಂಘಟನೆ ಕೂ ಕ್ಲಕ್ಸ್ ಕ್ಲಾನ್‌ನ ಮುಖಂಡನ ಎದುರು ಹೋಗಿ ಕುಳಿತವನಿಗೆ ಕ್ಷಮೆ ಎಲ್ಲಿಯದು? ಕೊನೆಗೆ, ಇಷ್ಟು ದೂರದ ಮನುಷ್ಯನಿಂದ ಕನ್ನಡದ ಓದುಗರಿಗೆ ಆಗಬೇಕಾದದ್ದೇನು?

ಮೂವತ್ತು ವರ್ಷ ಇತಿಹಾಸದ ಪಾಠ ಹೇಳಿದವರು ನೀವು ಎಂದು ಬರೆದಿದ್ದೀರಿ. ಆದ್ದರಿಂದ ಎರಡು ಸಾಲಿನ ಉತ್ತರ ಕೊಟ್ಟು ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ. ನಿಮ್ಮ ಎರಡನೆಯ ಆಕ್ಷೇಪದಲ್ಲಿ ನಾನು ನಿಮ್ಮ ಪಕ್ಷದವನೇ. ಮೊದಲನೆಯದನ್ನು ಮಾತ್ರ ಒಪ್ಪಲಾರೆ. ಹಡಗು ಕಂಪನಿ ದಿವಾಳಿಯಾಯಿತು, ಷೇರು ಕೊಂಡವರ ಹಣ ಹೋಯಿತು, ಇದರಲ್ಲಿ ಅನುಮಾನವಿಲ್ಲ. ಆದರೆ ಐದು ಡಾಲರ್ ಕೊಟ್ಟ ಆ ಮನೆಗೆಲಸದ ಹೆಂಗಸರು, ರೈಲಿನ ಕೂಲಿಗಳು, ಕಬ್ಬಿನ ಗದ್ದೆಯ ಆಳುಗಳು ಏನನ್ನು ಕೊಂಡರು ಎಂದು ಕೇಳದೆ ಅವರನ್ನು ಮೋಸಹೋದ ಅಮಾಯಕರೆಂದು ತೀರ್ಮಾನಿಸುವುದು ಅವರಿಗೆ ಮಾಡುವ ಅನ್ಯಾಯ ಎಂದು ನಾನು ತಿಳಿದಿದ್ದೇನೆ.

ಗಾರ್ವೇ ಹುಟ್ಟಿದ್ದು 1887ರ ಆಗಸ್ಟ್ 17ರಂದು, ಜಮೈಕಾದ ಉತ್ತರ ಕರಾವಳಿಯ ಸೇಂಟ್ ಆ್ಯನ್ಸ್ ಬೇ ಎಂಬ ಊರಿನಲ್ಲಿ. ಆ ದ್ವೀಪದಲ್ಲಿ ಗುಲಾಮಗಿರಿ ಸಂಪೂರ್ಣ ಕೊನೆಗೊಂಡು ಆಗಿನ್ನೂ ಐವತ್ತು ವರ್ಷ ತುಂಬಿರಲಿಲ್ಲ. ತಂದೆ ಕಲ್ಲುಕಟ್ಟಡದ ಕೆಲಸದವರು, ಮನೆಯಲ್ಲಿ ಪುಸ್ತಕ ಕೂಡಿಟ್ಟವರು. ಹನ್ನೊಂದು ಮಕ್ಕಳಲ್ಲಿ ಬದುಕಿ ದೊಡ್ಡವರಾದದ್ದು ಮಾರ್ಕಸ್ ಮತ್ತು ಅಕ್ಕ ಇಂಡಿಯಾನಾ ಇಬ್ಬರೇ. ಹುಡುಗನಾಗಿದ್ದಾಗಲೇ ಮುದ್ರಣಾಲಯದಲ್ಲಿ ಕೆಲಸ ಕಲಿಯಲು ಸೇರಿದರು. ಮೊಳೆ ಜೋಡಿಸುವುದು, ಕರಡು ತಿದ್ದುವುದು, ಯಂತ್ರದ ಮುಂದೆ ನಿಲ್ಲುವುದು, ಎಲ್ಲವನ್ನೂ ಕಲಿತು ಕಿಂಗ್‌ಸ್ಟನ್ ನಗರದ ದೊಡ್ಡ ಮುದ್ರಣಾಲಯವೊಂದರಲ್ಲಿ ಫೋರ್‌ಮನ್ ಆದರು. 1908ರಲ್ಲಿ ಅಲ್ಲಿನ ಮುದ್ರಣ ಕಾರ್ಮಿಕರು ಮುಷ್ಕರ ಹೂಡಿದಾಗ ಫೋರ್‌ಮನ್ ಗಾರ್ವೇ ಮಾಲೀಕರ ಕಡೆ ನಿಲ್ಲದೆ ಕೆಲಸಗಾರರ ಕಡೆ ನಿಂತರು. ಮುಷ್ಕರ ಸೋತಿತು, ಕೆಲಸ ಹೋಯಿತು. ಮುದ್ರಣದ ಮಸಿ ಮಾತ್ರ ಕೈಬಿಡಲಿಲ್ಲ. ಮುಂದೆ ಎಲ್ಲಿ ಹೋದರೂ ಅವರು ಮೊದಲು ಮಾಡಿದ್ದು ಪತ್ರಿಕೆಯನ್ನೇ.

1910ರ ಸುಮಾರಿಗೆ ಕೋಸ್ಟರಿಕಾಗೆ ಹೋಗಿ ಯುನೈಟೆಡ್ ಫ್ರೂಟ್ ಕಂಪನಿಯ ಬಾಳೆತೋಟದಲ್ಲಿ ಹಾಜರಿ ಬರೆಯುವ ಕೆಲಸಕ್ಕೆ ಸೇರಿದರು. ಜಮೈಕಾದಿಂದ, ಬಾರ್ಬಡೋಸ್‌ನಿಂದ ಹೊಟ್ಟೆಪಾಡಿಗೆ ಬಂದ ಕಪ್ಪು ಜನ ಜ್ವರದಲ್ಲಿ, ಹಾವಿನ ಕಡಿತದಲ್ಲಿ ಸಾಯುವುದನ್ನು ಕಂಡರು. ಅವರ ಪರವಾಗಿ ದೂರು ಕೊಟ್ಟರೆ ಬ್ರಿಟಿಷ್ ಕಾನ್ಸಲ್ ಕಿವಿಗೆ ಹಾಕಿಕೊಳ್ಳಲಿಲ್ಲ. ಪನಾಮಾದಲ್ಲಿಯೂ ಅದೇ ಸ್ಥಿತಿ. ಕಾಲುವೆ ತೋಡುವ ಕೆಲಸದಲ್ಲಿ ಬಿಳಿಯರಿಗೆ ಚಿನ್ನದ ನಾಣ್ಯದ ಸಂಬಳ, ಕಪ್ಪು ಜನರಿಗೆ ಬೆಳ್ಳಿ ನಾಣ್ಯದ ಕೂಲಿ. 1912ರಲ್ಲಿ ಲಂಡನ್ನಿಗೆ ಹೋದರು. ಈಜಿಪ್ಟ್ ಮೂಲದ ದೂಸೆ ಮೊಹಮ್ಮದ್ ಅಲಿ ಅಲ್ಲಿಂದ ‘ಆಫ್ರಿಕನ್ ಟೈಮ್ಸ್ ಆ್ಯಂಡ್ ಓರಿಯೆಂಟ್ ರಿವ್ಯೂ’ ಎಂಬ ಪತ್ರಿಕೆಯನ್ನು ಹೊರಡಿಸುತ್ತಿದ್ದರು. ಆಫ್ರಿಕ, ಈಜಿಪ್ಟ್, ಭಾರತ, ಎಲ್ಲ ಕಡೆಯ ಆಳಿಸಿಕೊಂಡವರ ಮಾತು ಒಂದೇ ಪುಟದಲ್ಲಿ ಬರುತ್ತಿದ್ದ ಪತ್ರಿಕೆ ಅದು. ಗಾರ್ವೇ ಅಲ್ಲಿ ಕೆಲಸ ಮಾಡಿದರು, ಬರೆದರು. ಅಮೆರಿಕದ ಕಪ್ಪು ಶಿಕ್ಷಣತಜ್ಞ ಬುಕರ್ ಟಿ. ವಾಷಿಂಗ್ಟನ್ ಅವರ ಆತ್ಮಕಥೆಯನ್ನು ಓದಿದ್ದೂ ಆಗಲೇ. ಕಪ್ಪು ಮನುಷ್ಯನ ಸರ್ಕಾರ ಎಲ್ಲಿದೆ, ಅವನ ದೇಶ ಯಾವುದು, ಅವನ ರಾಯಭಾರಿ, ಅವನ ಸೈನ್ಯ, ಅವನ ನೌಕಾಪಡೆ ಎಲ್ಲಿವೆ ಎಂದು ನನ್ನನ್ನು ನಾನೇ ಕೇಳಿಕೊಂಡೆ, ಎಲ್ಲಿಯೂ ಕಾಣಲಿಲ್ಲ, ಹಾಗಾದರೆ ಅವನ್ನು ಕಟ್ಟಲು ನೆರವಾಗುತ್ತೇನೆ ಎಂದುಕೊಂಡೆ ಎಂದು ಅವರು ಆಮೇಲೆ ಬರೆದರು.

1914ರ ಬೇಸಿಗೆಯಲ್ಲಿ ಜಮೈಕಾಗೆ ಮರಳಿ, ಮುಂದೆ ಮೊದಲ ಹೆಂಡತಿಯಾದ ಏಮಿ ಆ್ಯಶ್‌ವುಡ್ ಜೊತೆಗೂಡಿ ‘ಯೂನಿವರ್ಸಲ್ ನೀಗ್ರೋ ಇಂಪ್ರೂವ್‌ಮೆಂಟ್ ಅಸೋಸಿಯೇಷನ್’ ಎಂಬ ಸಂಸ್ಥೆ ಕಟ್ಟಿದರು. ಊರಿನಲ್ಲಿ ಅದು ಬೇರು ಬಿಡಲಿಲ್ಲ. 1916ರ ಮಾರ್ಚ್‌ನಲ್ಲಿ ಚಂದಾ ಎತ್ತುವ ಉದ್ದೇಶದಿಂದ ನ್ಯೂಯಾರ್ಕಿಗೆ ಬಂದಿಳಿದವರು ಅಲ್ಲಿಯೇ ಉಳಿದರು.

ಬಂದ ಕಾಲವನ್ನು ಸ್ವಲ್ಪ ಗಮನಿಸಬೇಕು. ದಕ್ಷಿಣದ ಹತ್ತಿಯ ಹೊಲಗಳನ್ನು ಬಿಟ್ಟು ಲಕ್ಷಗಟ್ಟಲೆ ಕಪ್ಪು ಜನ ಉತ್ತರದ ನಗರಗಳಿಗೆ ವಲಸೆ ಬರುತ್ತಿದ್ದ ವರ್ಷಗಳು ಅವು. 1917ರ ಜುಲೈನಲ್ಲಿ ಈಸ್ಟ್ ಸೇಂಟ್ ಲೂಯಿಸ್ ನಗರದಲ್ಲಿ ಬಿಳಿಯರ ಗುಂಪುಗಳು ಕಪ್ಪು ಕಾರ್ಮಿಕರ ಕೇರಿಗಳಿಗೆ ಬೆಂಕಿಯಿಟ್ಟವು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಕಂದಕಗಳಲ್ಲಿ ಹೋರಾಡಿದ ಕಪ್ಪು ಸೈನಿಕರು ಊರಿಗೆ ಮರಳಿದಾಗ, 1919ರ ಬೇಸಿಗೆಯಲ್ಲಿ, ಷಿಕಾಗೊ, ವಾಷಿಂಗ್ಟನ್ ಮುಂತಾದ ನಗರಗಳಲ್ಲಿ ಮತ್ತೆ ರಕ್ತ ಹರಿಯಿತು. ಸಮವಸ್ತ್ರದಲ್ಲಿದ್ದವರನ್ನೂ ಬಿಡಲಿಲ್ಲ. ಅಂಥ ಹೊತ್ತಿನಲ್ಲಿ ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ನ ಬೀದಿಯಲ್ಲಿ ನಿಂತು, ನೀನು ಯಾರಿಗೂ ಕಡಿಮೆಯಲ್ಲ, ನಿನ್ನ ಹಿಂದೆ ಒಂದು ಖಂಡವಿದೆ, ಅದಕ್ಕೆ ಇತಿಹಾಸವಿದೆ, ಎದ್ದು ನಿಲ್ಲು ಎಂದು ಗುಡುಗುವ ಧ್ವನಿಯೊಂದು ಕೇಳಿದರೆ ಜನ ಏಕೆ ಕಿಕ್ಕಿರಿದು ನೆರೆದರು ಎಂಬುದನ್ನು ವಿವರಿಸಬೇಕಿಲ್ಲ.

1918ರಲ್ಲಿ ಅವರು ಆರಂಭಿಸಿದ ‘ನೀಗ್ರೋ ವರ್ಲ್ಡ್’ ವಾರಪತ್ರಿಕೆಯ ಬಗ್ಗೆ, ಪತ್ರಿಕೆಯ ಕೆಲಸದವನಾಗಿ, ನನಗೆ ವಿಶೇಷ ಗೌರವವಿದೆ. ಮೈಬಣ್ಣ ಬಿಳಿಚಿಸುವ ಮುಲಾಮು, ಕೂದಲು ನೇರ ಮಾಡುವ ಎಣ್ಣೆ ಇವುಗಳ ಜಾಹೀರಾತು ಆಗಿನ ಕಪ್ಪು ಪತ್ರಿಕೆಗಳ ದೊಡ್ಡ ಆದಾಯ. ಗಾರ್ವೇ ಅಂಥವನ್ನು ಕೀಳು ಎಂದು ಖಂಡಿಸಿದರು. ಇಂಗ್ಲಿಷಿನ ಜೊತೆಗೆ ಸ್ಪ್ಯಾನಿಷ್, ಫ್ರೆಂಚ್ ಪುಟಗಳನ್ನೂ ಸೇರಿಸಿದರು. ಟ್ರಿನಿಡಾಡ್‌ನಿಂದ ಆಫ್ರಿಕದ ವಸಾಹತುಗಳವರೆಗೆ ಹಲವು ಸರ್ಕಾರಗಳು ಪತ್ರಿಕೆಯನ್ನು ನಿಷೇಧಿಸಿದವು. ನಿಷೇಧಿಸಿದಷ್ಟೂ ಕಪ್ಪು ನಾವಿಕರು ಅದನ್ನು ಬಟ್ಟೆಯ ಗಂಟಿನೊಳಗೆ ಅಡಗಿಸಿ ಬಂದರಿನಿಂದ ಬಂದರಿಗೆ ಒಯ್ದರು. ಓದು ಬಾರದವರಿಗೆ ಓದು ಬಲ್ಲವರು ಗಟ್ಟಿಯಾಗಿ ಓದಿ ಹೇಳಿದರು. ಆಮೇಲೆ ಗಾರ್ವೇ ಅವರ ಎರಡನೆಯ ಹೆಂಡತಿ ಏಮಿ ಜಾಕ್ಸ್ ಅದರಲ್ಲಿ ಮಹಿಳೆಯರ ಪುಟವನ್ನು ನಡೆಸಿದರು. ಅಡುಗೆ, ಹೊಲಿಗೆಗಿಂತ ಹೆಚ್ಚಾಗಿ ರಾಜಕೀಯವೇ ತುಂಬಿದ್ದ ಪುಟ ಅದು. ಭಾರತದ, ಈಜಿಪ್ಟಿನ, ಚೀನಾದ ಹೆಂಗಸರ ಸುದ್ದಿಯೂ ಅಲ್ಲಿರುತ್ತಿತ್ತು.

ಇನ್ನು ಹಡಗಿನ ವಿಷಯ.

ಹಡಗೇ ಏಕೆ ಎಂಬ ಪ್ರಶ್ನೆ ನಿಮ್ಮ ಪತ್ರದಲ್ಲಿಲ್ಲ, ಆದರೆ ಎಲ್ಲವೂ ಅಲ್ಲಿಂದಲೇ ಶುರು. ಕೆರಿಬಿಯನ್ ದ್ವೀಪಗಳ ಬಾಳೆ, ಸಕ್ಕರೆ ಯಾವ ದರಕ್ಕೆ ಎಲ್ಲಿಗೆ ಹೋಗಬೇಕು ಎಂಬುದನ್ನು ಹಡಗಿನ ಮಾಲೀಕರು ನಿರ್ಧರಿಸುತ್ತಿದ್ದರು. ದುಡಿಮೆ ಹುಡುಕಿ ಹೊರಟ ಕಪ್ಪು ಪ್ರಯಾಣಿಕರಿಗೆ ಅವರ ಹಡಗುಗಳಲ್ಲಿ ಸಿಗುತ್ತಿದ್ದುದು ಕೀಳಾದ ಜಾಗ, ಕೀಳಾದ ಮಾತು. ಅವರ ಪೂರ್ವಜರನ್ನು ಸರಪಳಿ ಬಿಗಿದು ತಂದದ್ದೂ ಹಡಗಿನಲ್ಲಿಯೇ. ಗಾರ್ವೇ ಇದನ್ನು ಅರಿತಿದ್ದರು. 1919ರ ಜೂನ್‌ನಲ್ಲಿ ‘ಬ್ಲ್ಯಾಕ್ ಸ್ಟಾರ್ ಲೈನ್’ ಕಂಪನಿ ನೋಂದಣಿಯಾಯಿತು. ಷೇರಿಗೆ ಐದು ಡಾಲರ್, ಕೊಳ್ಳಲು ಕಪ್ಪು ಜನರಿಗೆ ಮಾತ್ರ ಅವಕಾಶ. ಹತ್ತಾರು ಸಾವಿರ ಜನ ಕಾಸಿಗೆ ಕಾಸು ಕೂಡಿಸಿ ಸುಮಾರು ಏಳೂವರೆ ಲಕ್ಷ ಡಾಲರ್ ಕೊಟ್ಟರು.

ಮೊದಲು ಕೊಂಡ ‘ಯಾರ್ಮತ್’ 1887ರಲ್ಲಿ ಕಟ್ಟಿದ ಹಳೆಯ ಹಡಗು. ಯುದ್ಧಕಾಲದ ಬೇಡಿಕೆಯಿಂದ ಹಡಗುಗಳ ಬೆಲೆ ಆಕಾಶಕ್ಕೇರಿದ್ದ ಹೊತ್ತಿನಲ್ಲಿ ಅದಕ್ಕೆ ತೆತ್ತದ್ದು 1,65,000 ಡಾಲರ್. ಕೊಳ್ಳಲು ಸಲಹೆ ಕೊಟ್ಟ ಕ್ಯಾಪ್ಟನ್ ಜೋಶುವಾ ಕಾಕ್‌ಬರ್ನ್ ಅದೇ ವ್ಯವಹಾರದಲ್ಲಿ ದಲ್ಲಾಳಿಯಿಂದ ತನ್ನ ಪಾಲನ್ನು ಗುಟ್ಟಾಗಿ ಪಡೆದಿದ್ದ. 1920ರ ಆರಂಭದಲ್ಲಿ, ಅಮೆರಿಕದಲ್ಲಿ ಪಾನನಿಷೇಧ ಜಾರಿಗೆ ಬರುವ ಹೊತ್ತಿಗೆ, ವಿಸ್ಕಿ ತುಂಬಿಕೊಂಡು ಕ್ಯೂಬಾಕ್ಕೆ ಹೊರಟ ಹಡಗು ನ್ಯೂಯಾರ್ಕ್ ದಾಟುತ್ತಿದ್ದಂತೆ ಕೆಟ್ಟು ನಿಂತಿತು. ಸಾಗಣೆಯ ಒಪ್ಪಂದವನ್ನು ಎಷ್ಟು ಕಡಿಮೆ ದರಕ್ಕೆ ಮಾಡಿಕೊಂಡಿದ್ದರೆಂದರೆ ಹೋಗಿಬರುವ ಖರ್ಚೂ ಹುಟ್ಟಲಿಲ್ಲ. ಇನ್ನೆರಡು ಹಡಗುಗಳ ಕಥೆ ಇದಕ್ಕಿಂತ ಕೆಟ್ಟದು. ಹಡ್ಸನ್ ನದಿಯ ವಿಹಾರದ ದೋಣಿ ‘ಶೇಡಿಸೈಡ್’ ಲಂಗರು ಹಾಕಿದ ಜಾಗದಲ್ಲಿಯೇ ಮುಳುಗಿತು. ‘ಕನಾವಾ’ ಎಂಬ ಐಷಾರಾಮಿ ನೌಕೆ ರಿಪೇರಿಗೆ ಹಣ ನುಂಗಿ ಕ್ಯೂಬಾದ ಬಂದರಿನಲ್ಲಿ ತುಕ್ಕು ಹಿಡಿಯಿತು. ಯಾರ್ಮತ್ ಕೊನೆಗೆ ಹರಾಜಿನಲ್ಲಿ 1,625 ಡಾಲರಿಗೆ ಹೋಯಿತು. ಗಾರ್ವೇ ಮಹಾ ವಾಗ್ಮಿ, ಆದರೆ ಹಡಗಿನ ವ್ಯಾಪಾರ ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರ ಮಾತಿಗೆ ಬೆಲೆ ಕೊಡಲಿಲ್ಲ, ಹೊಗಳಿದವರನ್ನು ನಂಬಿದರು. ಕಂಪನಿಯ ಲೆಕ್ಕಪತ್ರ ಹದಗೆಟ್ಟಿತ್ತು. ಈ ದೋಷಗಳಿಗೆ ಅವರೇ ಹೊಣೆ.

ಆದರೂ ಯಾರ್ಮತ್ ಕ್ಯೂಬಾದ ರಾಜಧಾನಿ ಹವಾನಾ ತಲುಪಿದ ದಿನವನ್ನು ನೆನೆಯಿರಿ. ಕಪ್ಪು ಕ್ಯಾಪ್ಟನ್, ಕಪ್ಪು ನಾವಿಕರು, ಕಪ್ಪು ಜನರ ಒಡೆತನ. ಬಂದರಿನಲ್ಲಿ ನೆರೆದ ಜನ ಹಡಗಿನ ಮೇಲೆ ಹೂವು, ಹಣ್ಣು ಎರಚಿದರು. ಕ್ಯೂಬಾದ ಅಧ್ಯಕ್ಷರೇ ಔತಣ ಕೊಟ್ಟರು. ಪನಾಮಾ, ಕೋಸ್ಟರಿಕಾಗಳಲ್ಲಿ ತೋಟದ ಕೂಲಿಗಳು ಕೆಲಸ ಬಿಟ್ಟು ನೋಡಲು ಓಡಿಬಂದರು. ಇದನ್ನು ನಮಗೆ ದಾಖಲಿಸಿ ಕೊಟ್ಟವರು ಆ ಹಡಗಿನ ಅಧಿಕಾರಿಯಾಗಿದ್ದ ಹ್ಯೂ ಮಲ್‌ಝಾಕ್. ಬ್ಲ್ಯಾಕ್ ಸ್ಟಾರ್ ಲೈನ್‌ನ ಗೊಂದಲಗಳನ್ನು ಅವರು ಮುಲಾಜಿಲ್ಲದೆ ಟೀಕಿಸಿದವರು. ಆ ಕಂಪನಿ ಮುಚ್ಚಿದ ಮೇಲೆ, ಕ್ಯಾಪ್ಟನ್ ಆಗುವ ಪರೀಕ್ಷೆ ಪಾಸಾಗಿದ್ದರೂ, ಬಣ್ಣದ ಕಾರಣಕ್ಕೆ ಇಪ್ಪತ್ತು ವರ್ಷ ಅಡುಗೆಮನೆಯ ಕೆಲಸವೇ ಅವರಿಗೆ ಗತಿಯಾಯಿತು. 1942ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ‘ಬುಕರ್ ಟಿ. ವಾಷಿಂಗ್ಟನ್’ ಎಂಬ ಅಮೆರಿಕದ ಸರಕು ಹಡಗಿನ ಕ್ಯಾಪ್ಟನ್ ಆದರು. ಕಪ್ಪು-ಬಿಳಿ ಎಂಬ ಭೇದವಿಲ್ಲದ ಸಿಬ್ಬಂದಿ ಕೊಟ್ಟರೆ ಮಾತ್ರ ಹಡಗು ಏರುತ್ತೇನೆ ಎಂದು ಹಟ ಹಿಡಿದು ಗೆದ್ದರು. ಆ ಹಟದ ಬೀಜ ಯಾರ್ಮತ್ ಹಡಗಿನ ಮೇಲೆ ಬಿದ್ದದ್ದು ಎಂದು ನಾನು ನಂಬುತ್ತೇನೆ.

ಜೈಲಿನ ವಿಷಯಕ್ಕೆ ಬರೋಣ. ಗಾರ್ವೇ ಶಿಕ್ಷೆಗೊಳಗಾದದ್ದು ಹಣ ಕದ್ದದ್ದಕ್ಕಲ್ಲ. ಅಂಚೆಯ ಮೂಲಕ ವಂಚಿಸಿದರು ಎಂಬ ಆರೋಪಕ್ಕೆ. ಎಡ್ಗರ್ ಹೂವರ್ ಎಂಬ ತರುಣ ಅಧಿಕಾರಿ, ಮುಂದೆ ಎಫ್‌ಬಿಐ ಮುಖ್ಯಸ್ಥನಾದವನು, 1919ರ ಅಕ್ಟೋಬರ್‌ನಲ್ಲಿಯೇ ಟಿಪ್ಪಣಿ ಬರೆದಿದ್ದ. ಗಾರ್ವೇ ಗಡೀಪಾರು ಮಾಡುವಂಥ ಯಾವ ಕೇಂದ್ರ ಕಾನೂನನ್ನೂ ಇನ್ನೂ ಮುರಿದಿಲ್ಲವಲ್ಲ ಎಂಬ ಕೊರಗು ಅದರಲ್ಲಿತ್ತು. ಮೊದಲು ಮನುಷ್ಯನನ್ನು ಆರಿಸಿಕೊಂಡು ಆಮೇಲೆ ಅಪರಾಧ ಹುಡುಕಿದ್ದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕೆ? ಗಾರ್ವೇ ಅವರ ಸಂಸ್ಥೆಯೊಳಗೆ ಗುಪ್ತಚರರನ್ನು ಸೇರಿಸಲಾಯಿತು. 1922ರ ಜನವರಿಯಲ್ಲಿ ಬಂಧನವಾಯಿತು. ಕಂಪನಿಯ ಪ್ರಚಾರ ಪತ್ರದಲ್ಲಿ, ಇನ್ನೂ ಕೈಗೆ ಬಾರದ ಹಡಗಿನ ಚಿತ್ರಕ್ಕೆ ‘ಫಿಲಿಸ್ ವೀಟ್ಲಿ’ ಎಂಬ ಹೆಸರು ಅಚ್ಚಾಗಿತ್ತು. ಅದು ತಪ್ಪೇ. ಆದರೆ 1923ರ ವಿಚಾರಣೆಯಲ್ಲಿ ಶಿಕ್ಷೆಗೆ ಆಧಾರವಾದದ್ದು ಒಂದು ಖಾಲಿ ಲಕೋಟೆ. ಪೆನ್ಸಿಲ್ವೇನಿಯಾ ರೈಲು ನಿಲ್ದಾಣದ ಕೆಲಸಗಾರ ಬೆನ್ನಿ ಡ್ಯಾನ್ಸಿಗೆ ಬಂದ, ಕಂಪನಿಯ ಮುದ್ರೆ ಇದ್ದ ಲಕೋಟೆ. ಒಳಗೇನಿತ್ತು ಎಂದು ಡ್ಯಾನ್ಸಿಗೆ ನೆನಪಿರಲಿಲ್ಲ. ಜೊತೆಗಿದ್ದ ಮೂವರು ಆರೋಪಿಗಳನ್ನು ಬಿಟ್ಟು ಗಾರ್ವೇ ಒಬ್ಬರಿಗೇ ಐದು ವರ್ಷ ಸೆರೆವಾಸ ವಿಧಿಸಿದರು. ವಕೀಲರನ್ನು ಬಿಟ್ಟು ತಾವೇ ವಾದಿಸಿದ್ದು ಅವರಿಗೆ ಮುಳುವಾಯಿತು. ನ್ಯಾಯಾಲಯದಲ್ಲಿ ಅವರು ಸಭೆಯಲ್ಲಿ ಮಾತನಾಡಿದಂತೆ ಮಾತನಾಡಿದರು. 1925ರ ಫೆಬ್ರವರಿಯಲ್ಲಿ ಅಟ್ಲಾಂಟಾದ ಸೆರೆಮನೆ ಸೇರಿದರು. 1927ರ ಕೊನೆಯಲ್ಲಿ ಅಧ್ಯಕ್ಷ ಕೂಲಿಜ್ ಶಿಕ್ಷೆ ಕಡಿತಗೊಳಿಸಿದ ಕೂಡಲೇ ನ್ಯೂ ಆರ್ಲಿಯನ್ಸ್ ಬಂದರಿನಿಂದ ಗಡೀಪಾರು ಮಾಡಿದರು. ಮಳೆಯಲ್ಲಿ ನೆನೆಯುತ್ತಾ ಜನ ಬೀಳ್ಕೊಟ್ಟರು. ಆ ಗುಂಪಿನಲ್ಲಿ ಷೇರು ಕೊಂಡು ಹಣ ಕಳೆದುಕೊಂಡವರೂ ಇದ್ದರು ಎಂಬುದನ್ನು ಊಹಿಸಲು ಕಷ್ಟವಿಲ್ಲ.

ನಿಮ್ಮ ಎರಡನೆಯ ಆಕ್ಷೇಪ. 1922ರ ಜೂನ್‌ನಲ್ಲಿ ಗಾರ್ವೇ ಅಟ್ಲಾಂಟಾಕ್ಕೆ ಹೋಗಿ ಕ್ಲಾನ್‌ನ ಹಂಗಾಮಿ ಮುಖ್ಯಸ್ಥ ಎಡ್ವರ್ಡ್ ಯಂಗ್ ಕ್ಲಾರ್ಕ್‌ನನ್ನು ಕಂಡರು. ಬಿಳಿಯರೆಲ್ಲರ ಮನಸ್ಸಿನಲ್ಲಿರುವುದನ್ನು ಕ್ಲಾನ್ ಮುಚ್ಚುಮರೆಯಿಲ್ಲದೆ ಹೇಳುತ್ತದೆ, ಹೀಗಾಗಿ ಅದರೊಡನೆ ನೇರ ಮಾತು ಮೇಲು ಎಂಬುದು ಅವರ ಸಮರ್ಥನೆ. ನಾನು ಇದನ್ನು ಎಳ್ಳಷ್ಟೂ ಒಪ್ಪುವುದಿಲ್ಲ. ದಕ್ಷಿಣದ ಹಳ್ಳಿಗಳಲ್ಲಿ ಅವರ ಸಂಸ್ಥೆಗೆ ಶಾಖೆಗಳಿದ್ದವು, ಆ ಶಾಖೆಗಳ ಸದಸ್ಯರು ಕ್ಲಾನ್‌ನ ಭಯದಲ್ಲಿ ರಾತ್ರಿ ಕಳೆಯುವವರು. ಅವರ ನಾಯಕನೇ ಹೋಗಿ ಕೊಲೆಗಡುಕರ ಮುಖಂಡನಿಗೆ ಮರ್ಯಾದೆಯ ಪಟ್ಟ ಕೊಟ್ಟಂತಾಯಿತು. ಜನಾಂಗದ ಶುದ್ಧತೆಯ ಮಾತನ್ನು ಗಾರ್ವೇ ಬಿಳಿಯರಿಂದಲೇ ಎರವಲು ತಂದು ತಮ್ಮ ಜನರಿಗೆ ಹಂಚಿದರು. ಡಬ್ಲ್ಯು. ಇ. ಬಿ. ಡುಬಾಯ್ಸ್ ಅವರಂಥ ವಿದ್ವಾಂಸರನ್ನು ಅವರ ಮಿಶ್ರ ಮೈಬಣ್ಣ ಹಿಡಿದು ಹೀಯಾಳಿಸಿದರು. ಡುಬಾಯ್ಸ್ ಕೂಡ ಸುಮ್ಮನಿರಲಿಲ್ಲ, 1924ರಲ್ಲಿ ಗಾರ್ವೇಯನ್ನು ಹುಚ್ಚ ಇಲ್ಲವೇ ದ್ರೋಹಿ ಎಂದು ಬರೆದರು. ಸಂಸ್ಥೆಯಿಂದ ಹೊರಬಿದ್ದು ವಿರೋಧಿಯಾದ ಜೇಮ್ಸ್ ಈಸನ್ ಅವರನ್ನು 1923ರ ಮೊದಲ ದಿನ ನ್ಯೂ ಆರ್ಲಿಯನ್ಸ್‌ನಲ್ಲಿ ಗುಂಡಿಟ್ಟು ಗಾಯಗೊಳಿಸಿದರು, ಕೆಲವು ದಿನಗಳಲ್ಲಿ ಅವರು ತೀರಿಕೊಂಡರು. ಆರೋಪ ಬಂದದ್ದು ಸಂಸ್ಥೆಯ ಅನುಯಾಯಿಗಳ ಮೇಲೆ. ಗಾರ್ವೇ ಕೊಲ್ಲಿಸಿದರೆಂದು ಸಾಬೀತಾಗಲಿಲ್ಲ, ಆದರೆ ಭಿನ್ನಮತವನ್ನು ದ್ರೋಹವೆಂದು ಕರೆಯುವ ಭಾಷಣಗಳು ಅವರವೇ. 1937ರಲ್ಲಿ, ಮುಸೊಲಿನಿ ಇಥಿಯೋಪಿಯಾವನ್ನು ನುಂಗಿದ ಮೇಲೂ, ಮೊದಲ ಫ್ಯಾಸಿಸ್ಟರು ನಾವೇ ಎಂದು ಅವರು ಹೇಳಿಕೊಂಡರು. ಇವುಗಳಲ್ಲಿ ಒಂದನ್ನೂ ನಮ್ಮ ಪತ್ರಿಕೆ ಕ್ಷಮಿಸಬೇಕಿಲ್ಲ. ಬೈಡನ್ ಕ್ಷಮಿಸಿದ್ದೂ ಇವುಗಳನ್ನಲ್ಲ, 1923ರ ಆ ಲಕೋಟೆಯ ಶಿಕ್ಷೆಯನ್ನು. ಅವರ ಮಗ, ವೈದ್ಯ ಜೂಲಿಯಸ್ ಗಾರ್ವೇ, ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದರು.

ಎಲ್ಲರನ್ನೂ ಹಡಗಿನಲ್ಲಿ ತುಂಬಿ ಆಫ್ರಿಕಕ್ಕೆ ಸಾಗಿಸುವುದು ಅವರ ಯೋಜನೆಯಾಗಿತ್ತು ಎಂದೂ ನೀವು ಬರೆದಿದ್ದೀರಿ. ಅದು ಅವರ ವಿರೋಧಿಗಳು ಹಬ್ಬಿಸಿದ ಚಿತ್ರ. ಆಫ್ರಿಕದಲ್ಲಿ ಬಲಿಷ್ಠವಾದ ಸ್ವತಂತ್ರ ರಾಜ್ಯ ಇದ್ದರೆ ಜಗತ್ತಿನ ಯಾವ ಮೂಲೆಯಲ್ಲಿರುವ ಕಪ್ಪು ಮನುಷ್ಯನ ಮೇಲೂ ಕೈಮಾಡಲು ಜನ ಹಿಂದುಮುಂದು ನೋಡುತ್ತಾರೆ ಎಂಬುದು ಅವರ ವಾದ. ಅದಕ್ಕಾಗಿ ಕುಶಲಕರ್ಮಿಗಳು, ಎಂಜಿನಿಯರುಗಳು ಪಶ್ಚಿಮ ಆಫ್ರಿಕದ ಲೈಬೀರಿಯಾಕ್ಕೆ ಹೋಗಿ ನೆಲೆಸಲಿ ಎಂದು ಯೋಜಿಸಿದರು. 1924ರಲ್ಲಿ ಲೈಬೀರಿಯಾ ಸರ್ಕಾರ ಬಾಗಿಲು ಮುಚ್ಚಿತು. ಎರಡು ವರ್ಷಗಳ ಬಳಿಕ ಅದೇ ಸರ್ಕಾರ ಅಮೆರಿಕದ ಟೈರ್ ತಯಾರಕ ಫೈರ್‌ಸ್ಟೋನ್ ಕಂಪನಿಗೆ ಹತ್ತು ಲಕ್ಷ ಎಕರೆವರೆಗಿನ ನೆಲವನ್ನು ರಬ್ಬರ್ ತೋಟಕ್ಕೆ ಗುತ್ತಿಗೆ ಕೊಟ್ಟಿತು.

1920ರ ಆಗಸ್ಟ್‌ನ ಸಂಸ್ಥೆಯ ಸಮಾವೇಶವನ್ನು ಹೇಳದೆ ಮುಂದೆ ಹೋಗಲಾರೆ. ಹಾರ್ಲೆಮ್‌ನ ಬೀದಿಗಳಲ್ಲಿ ಸಮವಸ್ತ್ರದ ‘ಆಫ್ರಿಕನ್ ಲೀಜನ್’, ಬಿಳಿಯುಡುಪಿನ ‘ಬ್ಲ್ಯಾಕ್ ಕ್ರಾಸ್’ ದಾದಿಯರು ಮೆರವಣಿಗೆ ನಡೆಸಿದರು. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಇಪ್ಪತ್ತೈದು ಸಾವಿರ ಜನ ಸೇರಿದರು. ಕೆಂಪು, ಕಪ್ಪು, ಹಸಿರು ಬಣ್ಣದ ಧ್ವಜವನ್ನು ಅಂಗೀಕರಿಸಿದರು. ಹಕ್ಕುಗಳ ಘೋಷಣೆಯೊಂದನ್ನು ಹೊರಡಿಸಿದರು. ಗುಂಪುಕೊಲೆ, ಪ್ರತ್ಯೇಕ ರೈಲುಬೋಗಿ, ಕೂಲಿಯ ತಾರತಮ್ಯ, ಮತದಾನದ ನಿರಾಕರಣೆ, ಶಾಲೆಯಲ್ಲಿ ತಮ್ಮ ಇತಿಹಾಸ ಕಲಿಸದಿರುವುದು, ಇವೆಲ್ಲದರ ವಿರುದ್ಧ ಅದು ಮಾತನಾಡಿತು. ಆಫ್ರಿಕದ ಹಂಗಾಮಿ ಅಧ್ಯಕ್ಷರೆಂದು ಗಾರ್ವೇ ಅವರನ್ನು ಆರಿಸಿದ್ದನ್ನು ನೋಡಿ ನಕ್ಕವರು ಬಹಳ ಮಂದಿ. ಹಗಲೆಲ್ಲ ಬೇರೆಯವರ ನೆಲ ಒರೆಸಿದ ಹೆಂಗಸು ಸಂಜೆ ದಾದಿಯ ಉಡುಪು ತೊಟ್ಟು ತಲೆಯೆತ್ತಿ ನಡೆದದ್ದರಲ್ಲಿ ನಗುವಂಥದ್ದು ನನಗೆ ಏನೂ ಕಾಣುವುದಿಲ್ಲ. ಅವಳ ಐದು ಡಾಲರ್ ಹೋದದ್ದು ಈ ನಡಿಗೆಗೆ.

ಜಮೈಕಾಗೆ ಮರಳಿದ ಮೇಲೆ ಪಕ್ಷ ಕಟ್ಟಿದರು, ಚುನಾವಣೆಯಲ್ಲಿ ಸೋತರು. 1935ರಲ್ಲಿ ಲಂಡನ್ನಿಗೆ ಹೋದರು. 1940ರ ಜನವರಿಯಲ್ಲಿ ಪಾರ್ಶ್ವವಾಯು ಬಡಿಯಿತು. ಅವರು ಸತ್ತರೆಂಬ ಸುಳ್ಳು ಸುದ್ದಿ ಪತ್ರಿಕೆಗಳಲ್ಲಿ ಬಂದು, ತಮ್ಮದೇ ಮರಣವಾರ್ತೆಗಳನ್ನು ಹಾಸಿಗೆಯಲ್ಲಿ ಓದಬೇಕಾಯಿತು. ಜೂನ್ 10ರಂದು ತೀರಿಕೊಂಡರು. ಆಫ್ರಿಕದ ನೆಲವನ್ನು ಒಮ್ಮೆಯೂ ಮೆಟ್ಟಲಿಲ್ಲ. 1964ರಲ್ಲಿ ಸ್ವತಂತ್ರ ಜಮೈಕಾ ಅವರ ಅವಶೇಷಗಳನ್ನು ತರಿಸಿಕೊಂಡು ತನ್ನ ಮೊದಲ ರಾಷ್ಟ್ರವೀರನೆಂದು ಗೌರವಿಸಿತು.

ಉಳಿದದ್ದೇನು? ಏಮಿ ಜಾಕ್ಸ್ ಸಂಪಾದಿಸಿದ ಅವರ ಭಾಷಣ, ಬರಹಗಳ ಸಂಪುಟಗಳನ್ನು ಅಮೆರಿಕದಲ್ಲಿ ವಿದ್ಯಾರ್ಥಿಯಾಗಿದ್ದ, ಮುಂದೆ ಸ್ವತಂತ್ರ ಘಾನಾದ ಮೊದಲ ನಾಯಕರಾದ ಕ್ವಾಮೆ ಎನ್‌ಕ್ರುಮಾ ಓದಿದರು. ತಮ್ಮ ಮೇಲೆ ಬೇರೆ ಯಾವ ಪುಸ್ತಕಕ್ಕಿಂತಲೂ ಹೆಚ್ಚು ಪ್ರಭಾವ ಬೀರಿದ್ದು ಅದೇ ಎಂದು ಬರೆದರು. ಘಾನಾದ ಧ್ವಜದ ನಡುವಿನ ಕಪ್ಪು ನಕ್ಷತ್ರ ಗಾರ್ವೇ ಅವರ ಹಡಗು ಕಂಪನಿಯ ಹೆಸರಿನಿಂದ ಬಂದದ್ದು. ಆ ದೇಶದ ಹಡಗು ಕಂಪನಿಗೂ ಎನ್‌ಕ್ರುಮಾ ‘ಬ್ಲ್ಯಾಕ್ ಸ್ಟಾರ್ ಲೈನ್’ ಎಂಬ ಹೆಸರನ್ನೇ ಇಟ್ಟರು. ಅಮೆರಿಕದ ಕಪ್ಪು ಜನರ ಹೋರಾಟಗಾರ ಮಾಲ್ಕಮ್ ಎಕ್ಸ್ ಅವರ ತಂದೆತಾಯಿ ಗಾರ್ವೇ ಸಂಸ್ಥೆಯ ಕಾರ್ಯಕರ್ತರು. ತಾಯಿ ಲೂಯಿಸ್ ‘ನೀಗ್ರೋ ವರ್ಲ್ಡ್’ಗೆ ವರದಿ ಬರೆಯುತ್ತಿದ್ದರು. ಗಾರ್ವೇ ಹಾದಿಯಲ್ಲಿ ನಡೆಯದ ಮಾರ್ಟಿನ್ ಲೂಥರ್ ಕಿಂಗ್ ಕೂಡ 1965ರಲ್ಲಿ ಕಿಂಗ್‌ಸ್ಟನ್‌ಗೆ ಹೋಗಿ ಅವರ ಸಮಾಧಿಗೆ ಹೂಮಾಲೆ ಇಟ್ಟರು.

ಕೊನೆಗೆ ನಿಮ್ಮ ಮೂರನೆಯ ಪ್ರಶ್ನೆ. ಗಾರ್ವೇ 1916ರ ಮಾರ್ಚ್‌ನಲ್ಲಿ ಹಾರ್ಲೆಮ್‌ಗೆ ಬಂದಾಗ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಂಬೇಡ್ಕರ್ ಓದುತ್ತಿದ್ದರು. ‘ನೀಗ್ರೋ ವರ್ಲ್ಡ್’ ಭಾರತದ ಸ್ವಾತಂತ್ರ್ಯ ಹೋರಾಟದ ಸುದ್ದಿಯನ್ನು ಬಿಡದೆ ಪ್ರಕಟಿಸಿತು, ಗಾಂಧಿಯವರ ಅಸಹಕಾರ ಚಳವಳಿಯನ್ನು ಗಾರ್ವೇ ತಮ್ಮ ಸಭೆಗಳಲ್ಲಿ ಕೊಂಡಾಡಿದರು. ಇವೆರಡಕ್ಕಿಂತ ನಮಗೆ ಹತ್ತಿರದ ಸಂಗತಿ ಇನ್ನೊಂದಿದೆ. ಗಾರ್ವೇ ಗಡೀಪಾರಾದ ಮೇಲೆ, 1930ರ ದಶಕದ ಆರಂಭದಲ್ಲಿ, ಆ ಪತ್ರಿಕೆಯ ಸಂಪಾದಕರಾಗಿದ್ದವರು ಹುಚ್ಚೇಶ್ವರ ಗುರುಸಿದ್ಧ ಮುದ್ಗಲ್. ಹೆಸರು ಕೇಳಿದರೆ ಯಾವ ಸೀಮೆಯದೆಂದು ನಮ್ಮ ಓದುಗರಿಗೆ ಹೇಳಬೇಕಿಲ್ಲ. ಜಗತ್ತಿನ ವಿದ್ಯಮಾನಗಳ ಬಗ್ಗೆ ಅವರು ಅದರಲ್ಲಿ ಬರೆಯುತ್ತಿದ್ದರು. 1932ರಲ್ಲಿ ಗಾರ್ವೇ ಅವರನ್ನು ಸಮರ್ಥಿಸಿ ಕಿರುಪುಸ್ತಕವನ್ನೂ ಹೊರತಂದರು. ಸ್ವಾತಂತ್ರ್ಯದ ಬಳಿಕ ಬೊಂಬಾಯಿಯಿಂದ ಹಂಗಾಮಿ ಸಂಸತ್ತಿನ ಸದಸ್ಯರಾದರು. 1951ರಲ್ಲಿ, ಬೊಂಬಾಯಿಯ ಚಿನ್ನ-ಬೆಳ್ಳಿ ವರ್ತಕರ ಸಂಘದಿಂದ ಹಣ ಪಡೆದು ಅವರ ಪರವಾಗಿ ಸದನದಲ್ಲಿ ಪ್ರಶ್ನೆ ಎತ್ತಿದರೆಂಬ ಆರೋಪವನ್ನು ಸಮಿತಿ ಎತ್ತಿಹಿಡಿಯಿತು. ಅವರು ರಾಜೀನಾಮೆ ಕೊಟ್ಟರೂ, ಆ ನಡತೆ ಸದಸ್ಯತ್ವದಿಂದ ಹೊರಹಾಕಲು ಅರ್ಹವೆಂದು ಸದನ ದಾಖಲಿಸಿತು. ಸಂಸದೀಯ ನಡವಳಿಯ ಪುಸ್ತಕಗಳಲ್ಲಿ ‘ಮುದ್ಗಲ್ ಪ್ರಕರಣ’ ಇಂದಿಗೂ ಬರುತ್ತದೆ, ಹಾರ್ಲೆಮ್‌ನ ಮುದ್ಗಲ್ ಬರುವುದಿಲ್ಲ.

ಅವರ ಮೇಲೆ ವಿಸ್ತಾರವಾದ ಲೇಖನವೊಂದನ್ನು ನಮ್ಮ ಪತ್ರಿಕೆಯಲ್ಲಿ ತರಬೇಕೆಂದಿದ್ದೇವೆ. ಮುದ್ಗಲ್ ಅವರನ್ನು ಕಂಡು ಮಾತನಾಡಿದ ಹಿರಿಯರು, ಅವರ ಬರಹ, ಪತ್ರ, ಚಿತ್ರಗಳನ್ನು ಉಳಿಸಿಕೊಂಡವರು ನಮಗೆ ಬರೆಯಬೇಕು. ನಿಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಈ ಬಗ್ಗೆ ಆಸಕ್ತಿ ಇರುವವರಿದ್ದರೆ ಅವರಿಗೂ ದಯವಿಟ್ಟು ತಿಳಿಸಿ.

ವಂದನೆಗಳೊಂದಿಗೆ,
ಸಂಪಾದಕ